ಸಿಹಿ ಪ್ರೇಮಕಾದಂಬರಿ ಬರೆಯಬೇಕೆಂದರೆ ಮೊದಲು ಕಣ್ಣು ಪಳಗಬೇಕು

ಪ್ರೇಮಕಾದಂಬರಿ ಬರೆಯುತ್ತೇನೆ ಅಂದ ತಕ್ಷಣ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ. ಸ್ಫೂರ್ತಿ ಎಲ್ಲಿಂದ ಬರುತ್ತೆ? ಹೊಸದಾಗಿ ಬರೆಯುವವರೂ ಇದನ್ನೇ ಕೇಳುತ್ತಾರೆ. ನನ್ನ ಉತ್ತರ ಸೀದಾ ಇದೆ. ಜನ ಒಬ್ಬರನ್ನೊಬ್ಬರು ಹೇಗೆ ನೋಡಿಕೊಳ್ಳುತ್ತಾರೆ ಅನ್ನುವುದನ್ನು ದಿನಾ ಗಮನಿಸಿ, ದಿನಾ ಸ್ವಲ್ಪ ಬರೆಯಿರಿ. ಉಳಿದದ್ದೆಲ್ಲ ಈ ಎರಡರಿಂದಲೇ ಹುಟ್ಟುತ್ತದೆ. ಹೇಗೆ ಅಂತ ಈ ಬರಹದಲ್ಲಿ ಬಿಡಿಸಿ ಹೇಳುತ್ತೇನೆ.

ಸಿಹಿ ಪ್ರೇಮಕಥೆ ಅಂದರೆ ಇಂಗ್ಲಿಷ್‌ನವರು ಸ್ವೀಟ್ ರೊಮ್ಯಾನ್ಸ್ ಅಂತ ಕರೆಯುವ ಬಗೆಯದು. ಮಲಗುವ ಕೋಣೆಯ ಬಾಗಿಲು ಓದುಗರಿಗೆ ತೆರೆಯುವುದಿಲ್ಲ. ಹೆಚ್ಚೆಂದರೆ ಒಂದು ಮುತ್ತು, ಒಂದು ಅಪ್ಪುಗೆ. ಹಾಗಾಗಿ ಇದು ಸುಲಭ ಅಂತ ಕೆಲವರು ಅಂದುಕೊಳ್ಳುತ್ತಾರೆ. ಬರೆದು ನೋಡಿದರೆ ಗೊತ್ತಾಗುತ್ತೆ, ಇಲ್ಲಿ ಎಲ್ಲ ಬಿಸಿಯನ್ನೂ ಒಂದು ನೋಟ, ಒಂದು ಮೌನ, ಅರ್ಧಕ್ಕೆ ನಿಂತ ಒಂದು ಮಾತಿನಲ್ಲೇ ತರಬೇಕು.

ಓದುಗರಿಗೆ ಕೊಟ್ಟ ಮಾತು

1980ರಲ್ಲಿ ಶುರುವಾದ ರೊಮ್ಯಾನ್ಸ್ ರೈಟರ್ಸ್ ಆಫ್ ಅಮೆರಿಕ ಅನ್ನುವ ಬರಹಗಾರರ ಸಂಘ ಪ್ರೇಮಕಾದಂಬರಿಗೆ ಎರಡೇ ಲಕ್ಷಣ ಹೇಳಿದೆ. ಪ್ರೀತಿಯೇ ಕಥೆಯ ನಡುಮನೆಯಲ್ಲಿರಬೇಕು. ಕೊನೆ ಮನಸ್ಸಿಗೆ ತೃಪ್ತಿ ಕೊಡಬೇಕು, ಭರವಸೆ ಹುಟ್ಟಿಸಬೇಕು. ಇವೆರಡು ಇದ್ದರೆ ಹಿನ್ನೆಲೆ ಯಾವುದಾದರೂ ಆಗಬಹುದು, ಆಸ್ಪತ್ರೆ, ಅರಮನೆ, ಹಡಗು, ಶಾಲೆ.

ಈ ಎರಡನೇ ಲಕ್ಷಣವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಕೊನೆಗೆ ಇಬ್ಬರೂ ಸೇರುತ್ತಾರೆ ಅಂತ ಓದುಗರಿಗೆ ಮೊದಲ ಪುಟದಲ್ಲೇ ಗೊತ್ತು. ಗೊತ್ತಿದ್ದೇ ಪುಸ್ತಕ ಕೈಗೆತ್ತಿಕೊಂಡಿದ್ದಾರೆ. ಕೆಲವರು ಕಷ್ಟದ ದಿನಗಳಲ್ಲಿ, ಆಸ್ಪತ್ರೆಯಲ್ಲಿ ಯಾರಿಗೋ ಕಾವಲು ಕೂತಾಗ, ನಿದ್ದೆ ಬರದ ರಾತ್ರಿಗಳಲ್ಲಿ ಈ ಪುಸ್ತಕಗಳನ್ನು ಓದುತ್ತಾರೆ. ಅಂಥವರಿಗೆ ಕೊನೇ ಅಧ್ಯಾಯದಲ್ಲಿ ನಾಯಕನನ್ನು ಸಾಯಿಸಿ ಅಚ್ಚರಿ ಕೊಡುವುದು ಮಾತು ತಪ್ಪಿದ ಹಾಗೆ. ದುರಂತ ಬರೆಯಬೇಕಿದ್ದರೆ ದುರಂತವನ್ನೇ ಬರೆಯಿರಿ, ಅದಕ್ಕೂ ಓದುಗರಿದ್ದಾರೆ. ಸಿಹಿ ಪ್ರೇಮಕಥೆ ಅಂತ ಕೊಟ್ಟಮೇಲೆ ಅದನ್ನೇ ಕೊಡಿ.

ಕೊನೆ ಗೊತ್ತಿದ್ದೂ ಪುಟ ತಿರುಗಿಸುವುದು ಯಾಕೆ? ಹೇಗೆ ಸೇರುತ್ತಾರೆ ಅನ್ನುವುದಕ್ಕೆ. ಅಂದರೆ ಸೇರುವುದಕ್ಕೆ ಏನೋ ಒಂದು ನಿಜವಾದ ತಡೆ ಇರಬೇಕು.

ತಡೆ ಒಳಗಿರಲಿ

ಒಂದು ಫೋನ್ ಕರೆ ಮಾಡಿದ್ದರೆ ಮುಗಿದುಹೋಗುತ್ತಿದ್ದ ತಪ್ಪು ತಿಳಿವಳಿಕೆಯ ಮೇಲೆ ಇಡೀ ಕಾದಂಬರಿ ನಿಲ್ಲಿಸಬೇಡಿ. ಅವನ ಜೊತೆ ಕಂಡ ಹೆಣ್ಣು ಅವನ ತಂಗಿ ಅಂತ 200ನೇ ಪುಟದಲ್ಲಿ ಗೊತ್ತಾದರೆ ಓದುಗರಿಗೆ ಸಿಟ್ಟು ಬರುತ್ತೆ, ನ್ಯಾಯವಾಗಿಯೇ ಬರುತ್ತೆ. ಹೊರಗಿನ ಅಡ್ಡಿ ಇರಲಿ, ಕೆಲಸ, ದೂರ, ಮನೆಯವರ ವಿರೋಧ, ಎಲ್ಲ ಇರಲಿ. ಆದರೆ ಅದರ ಕೆಳಗೆ ಪ್ರತಿಯೊಬ್ಬರಿಗೂ ಒಂದು ಒಳಗಿನ ನಂಬಿಕೆ ಇರಬೇಕು, ಹಿಂದೆ ಯಾವುದೋ ಪೆಟ್ಟು ತಿಂದು ಕಲಿತ ನಂಬಿಕೆ, ಈಗ ಪ್ರೀತಿಗೆ ಅಡ್ಡ ನಿಂತಿರುವ ನಂಬಿಕೆ.

ಒಂದು ಜೋಡಿಯನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ವಸುಧಾ ಹಳೇ ಕಾಗದಪತ್ರಗಳನ್ನು ಸರಿಪಡಿಸುವ ಕೆಲಸದಲ್ಲಿದ್ದಾಳೆ, ಹರಿದದ್ದನ್ನು ಅಂಟಿಸುವುದು, ಹೊಲಿಗೆ ಬಿಟ್ಟದ್ದನ್ನು ಮತ್ತೆ ಹೊಲಿಯುವುದು. ಚಿಕ್ಕವಳಿದ್ದಾಗ ಅಪ್ಪ ಬರುತ್ತೇನೆ ಅಂದ ದಿನ ಬರುತ್ತಿರಲಿಲ್ಲ. ಹಾಗಾಗಿ ಅವಳು ಕಲಿತದ್ದು, ಯಾರ ಮಾತನ್ನೂ ನೆಚ್ಚಿ ಕಾಯಬಾರದು. ಮಾಧವ ಒಳ್ಳೆಯವನು. ಆದರೆ ಯಾರಿಗೂ ಇಲ್ಲ ಅನ್ನಲು ಬರುವುದಿಲ್ಲ. ಎಲ್ಲರಿಗೂ ಹೂಂ ಅನ್ನುತ್ತಾನೆ, ಆಮೇಲೆ ಎಲ್ಲ ಕಡೆಗೂ ತಡವಾಗಿ ಹೋಗುತ್ತಾನೆ. ಇಲ್ಲ ಅಂದರೆ ಜನ ನನ್ನನ್ನು ಬಿಟ್ಟುಬಿಡುತ್ತಾರೆ ಅನ್ನುವುದು ಅವನ ನಂಬಿಕೆ.

ನೋಡಿ, ಇಲ್ಲಿ ಖಳನಾಯಕ ಬೇಕಾಗಿಲ್ಲ. ಅವನ ಒಳ್ಳೆಯತನವೇ ಅವಳ ಹಳೇ ಗಾಯಕ್ಕೆ ತಾಗುತ್ತೆ. ಬರೆಯಲು ಕೂರುವ ಮೊದಲು ಇಬ್ಬರಿಗೂ ಇಂಥ ಒಂದೊಂದು ವಾಕ್ಯ ಬರೆದುಕೊಳ್ಳಿ. 'ಅವಳು ನಂಬಿರುವುದು ಇದು, ಅದನ್ನು ಕಲಿತದ್ದು ಹೀಗೆ.' ಎರಡು ವಾಕ್ಯಗಳು ಒಂದಕ್ಕೊಂದು ಡಿಕ್ಕಿ ಹೊಡೆಯದಿದ್ದರೆ ಪಾತ್ರಗಳನ್ನು ಬದಲಾಯಿಸಿ. ಹೆಸರು, ಬಣ್ಣ, ಎತ್ತರ, ಊರು ಇವೆಲ್ಲ ಆಮೇಲೆ ಬಂದರೂ ನಡೆಯುತ್ತೆ.

ಕಥೆಯ ಬಗೆ ಹಳೆಯದಾದರೆ ಹೆದರಬೇಡಿ. ಜಗಳದಿಂದ ಶುರುವಾಗುವ ಪ್ರೀತಿ, ಗೆಳೆತನ ಪ್ರೀತಿಯಾಗುವುದು, ಬಿಟ್ಟುಹೋದವರು ವರ್ಷಗಳ ನಂತರ ಮತ್ತೆ ಸಿಗುವುದು, ಸುಳ್ಳು ನಿಶ್ಚಿತಾರ್ಥ ನಿಜವಾಗುವುದು. ಓದುಗರು ಇವನ್ನು ಹುಡುಕಿಕೊಂಡೇ ಬರುತ್ತಾರೆ. ಹೊಸತನ ನಿಮ್ಮ ಎರಡು ಪಾತ್ರಗಳಿಂದ ಬರುತ್ತೆ.

ಗಮನಿಸುವ ಪುಸ್ತಕ

ನನ್ನ ಬರವಣಿಗೆಯಲ್ಲಿ ಅತಿ ಮುಖ್ಯವಾದ ಅಭ್ಯಾಸ ಇದು. ಹೊರಗೆ ಹೋಗುವಾಗ ಒಂದು ಚಿಕ್ಕ ನೋಟ್‌ಬುಕ್ ಜೊತೆಗಿರುತ್ತದೆ. ಅದರಲ್ಲಿ ಕಥೆ ಬರೆಯುವುದಿಲ್ಲ. ಜನ ಒಬ್ಬರಿಗೊಬ್ಬರು ಮಾಡುವ ಸಣ್ಣ ಕೆಲಸಗಳನ್ನು ಬರೆಯುತ್ತೇನೆ, ಅಷ್ಟೇ. ಬಸ್ಸಿನಲ್ಲಿ ನಿದ್ದೆ ಹೋದ ಹೆಂಡತಿಯ ತಲೆ ಕಿಟಕಿಗೆ ಬಡಿಯಬಾರದೆಂದು ಗಂಡ ನಡುವೆ ಅಂಗೈ ಇಟ್ಟಿದ್ದು. ವಯಸ್ಸಾದ ದಂಪತಿ ರಸ್ತೆ ದಾಟುವಾಗ ಗಾಡಿ ಬರುವ ಕಡೆಗೆ ಯಾರು ನಿಂತರು ಅನ್ನುವುದು. ಜಗಳ ಆಡಿದ ಮೇಲೂ ಅವನ ಫೋನನ್ನು ಅವಳೇ ಚಾರ್ಜಿಗೆ ಹಾಕಿದ್ದು.

ಸಿಹಿ ಪ್ರೇಮಕಥೆಗೆ ಇದೇ ಬಂಡವಾಳ. ದೇಹದ ವಿವರ ಬಳಸದ ಮೇಲೆ ಪ್ರೀತಿಯನ್ನು ತೋರಿಸಲು ನಮಗಿರುವ ದಾರಿ, ಒಬ್ಬರು ಇನ್ನೊಬ್ಬರನ್ನು ಎಷ್ಟು ಸರಿಯಾಗಿ ನೋಡಿದ್ದಾರೆ ಅನ್ನುವುದು. ಕಣ್ಣು ಕಮಲದಂತಿತ್ತು ಅಂತ ಯಾರು ಬೇಕಾದರೂ ಹೇಳಬಹುದು. ಅವಳಿಗೆ ಸುಸ್ತಾದಾಗ ಕನ್ನಡಕ ತೆಗೆದು ಎಡಗಣ್ಣು ಮಾತ್ರ ಉಜ್ಜುತ್ತಾಳೆ ಅಂತ ಹೇಳಲು ಅವಳನ್ನು ನೋಡುತ್ತಲೇ ಇದ್ದವನಿಗೆ ಮಾತ್ರ ಸಾಧ್ಯ, ಅಲ್ವಾ?

ಈಗ ವಸುಧಾ ಮತ್ತು ಮಾಧವನ ಒಂದು ಸನ್ನಿವೇಶ ತೆಗೆದುಕೊಳ್ಳಿ. ಮೊದಲ ಕರಡಿನಲ್ಲಿ ಹೀಗೆ ಬರುತ್ತೆ:

'ಮಾಧವನಿಗೆ ವಸುಧಾಳ ಮೇಲೆ ತುಂಬ ಕಾಳಜಿ ಇತ್ತು. ಅವಳು ಕೆಲಸ ಮಾಡುವುದನ್ನು ನೋಡುತ್ತಾ ಅವನ ಹೃದಯ ತುಂಬಿ ಬಂತು.'

ತಪ್ಪೇನಿಲ್ಲ. ಆದರೆ ಓದುಗರು ನಿಮ್ಮ ಮಾತನ್ನು ಸುಮ್ನೆ ನಂಬಬೇಕು, ಅವರ ಕಣ್ಣಿಗೆ ಏನೂ ಕಾಣಿಸಿಲ್ಲ. ಅದನ್ನೇ ಹೀಗೆ ಬರೆದು ನೋಡಿ:

'ವಸುಧಾ ಎಡಗೈಯಲ್ಲಿ ಕೆಲಸ ಮಾಡುತ್ತಿದ್ದಳು. ದೀಪವೂ ಎಡಗಡೆಯೇ ಇದ್ದದ್ದರಿಂದ ಅವಳ ಕೈಯ ನೆರಳು ಹೊಲಿಗೆಯ ಮೇಲೇ ಬೀಳುತ್ತಿತ್ತು. ಎರಡು ಸಲ ಅವಳು ಕಾಗದವನ್ನು ಓರೆ ಮಾಡಿಕೊಂಡಳು. ಮಾಧವ ಏನೂ ಹೇಳಲಿಲ್ಲ. ಮರುದಿನ ಬೆಳಿಗ್ಗೆ ಅವಳು ಬಂದಾಗ ದೀಪ ಬಲಗಡೆಗೆ ಬಂದಿತ್ತು. ವೈರು ಮೇಜಿನ ಹಿಂದಿನಿಂದ ಸುತ್ತಿ ಬರಲು ಸಾಲದೆ ಯಾರೋ ಉದ್ದನೆಯ ಹೊಸ ವೈರು ಹಾಕಿದ್ದರು.'

ಇಲ್ಲಿ ಕಾಳಜಿ ಅನ್ನುವ ಪದವೇ ಇಲ್ಲ. ಪ್ರೀತಿ ಅನ್ನುವುದೂ ಇಲ್ಲ. ಆದರೆ ಆ ಹೊಸ ವೈರು ನೋಡಿ ವಸುಧಾಳಿಗೆ ಏನನ್ನಿಸಿರಬೇಕು ಅಂತ ಓದುಗರು ತಾವೇ ಊಹಿಸುತ್ತಾರೆ, ಊಹಿಸಿದ ಕ್ಷಣದಿಂದ ಕಥೆ ಅವರದ್ದೂ ಆಗುತ್ತೆ. ಜೊತೆಗೆ ಇನ್ನೊಂದು ಲಾಭ ಇದೆ. ಮಾಧವ ಮಾತು ಕೊಟ್ಟು ತಪ್ಪುವವನು ಅಂತ ಹೇಳಿದೆವಲ್ಲ, ಇಲ್ಲಿ ಅವನು ಮಾತೇ ಕೊಡದೆ ಕೆಲಸ ಮಾಡಿದ್ದಾನೆ. ಅವಳ ನಂಬಿಕೆಗೆ ಮೊದಲ ಬಿರುಕು ಬಿದ್ದದ್ದು ಅಲ್ಲಿ.

ದಿನಕ್ಕೆ ಒಂದು ಸಾಲು ಬರೆದುಕೊಂಡರೂ ಸಾಕು. ಕೆಲವು ತಿಂಗಳಲ್ಲಿ ನಿಮ್ಮ ಹತ್ತಿರ ಬೇರೆ ಯಾರ ಪುಸ್ತಕದಲ್ಲೂ ಇಲ್ಲದ ವಿವರಗಳ ರಾಶಿ ಇರುತ್ತೆ. ಒಂದು ಎಚ್ಚರ ಮಾತ್ರ ಬೇಕು. ಗೆಳೆಯರ ಗುಟ್ಟುಗಳನ್ನು, ಅವರು ನಂಬಿ ಹೇಳಿಕೊಂಡ ನೋವನ್ನು ಹಾಗೇ ಎತ್ತಿ ಕಥೆಗೆ ಹಾಕಬೇಡಿ. ನಡವಳಿಕೆಯನ್ನು ತೆಗೆದುಕೊಳ್ಳಿ, ಜೀವನವನ್ನು ಬಿಟ್ಟುಬಿಡಿ.

ಹತ್ತಿರ ಬರುವ ಮೆಟ್ಟಿಲು

ಸಿಹಿ ಪ್ರೇಮಕಥೆಯಲ್ಲಿ ಕೈ ತಾಗುವುದೇ ದೊಡ್ಡ ಘಟನೆ. ಹಾಗಾಗಿ ಅದನ್ನು ಬೇಗ ಖರ್ಚು ಮಾಡಬೇಡಿ. ಬರೆಯುವ ಮೊದಲೇ ಒಂದು ಹಾಳೆಯಲ್ಲಿ ಮೆಟ್ಟಿಲುಗಳನ್ನು ಗುರುತಿಸಿಕೊಳ್ಳಿ. ಮೊದಲ ಸಲ ಹೆಸರು ಹಿಡಿದು ಕರೆದದ್ದು, ಮೊದಲ ಸಲ ಒಟ್ಟಿಗೆ ನಕ್ಕದ್ದು, ಮೊದಲ ಸಲ ಒಬ್ಬರ ದುಃಖ ಇನ್ನೊಬ್ಬರಿಗೆ ಗೊತ್ತಾದದ್ದು, ಕೈ ತಾಗಿದ್ದು, ಕೈ ಹಿಡಿದದ್ದು, ಮುತ್ತು. ಕಾದಂಬರಿಯ ಮೊದಲ ಕಾಲು ಭಾಗದಲ್ಲಿ ಒಂದು ಸಣ್ಣ ಸ್ಪರ್ಶಕ್ಕಿಂತ ಜಾಸ್ತಿ ಬೇಡ ಅನ್ನುವುದು ನನ್ನ ಅಭಿಪ್ರಾಯ. ಪ್ರತಿ ಮೆಟ್ಟಿಲು ಹತ್ತಿದಾಗಲೂ ಯಾರಾದರೊಬ್ಬರಿಗೆ ಸ್ವಲ್ಪ ಭಯ ಆಗಬೇಕು. ಭಯ ಇಲ್ಲದೆ ಹತ್ತಿರ ಬಂದರೆ ಓದುಗರಿಗೂ ಏನೂ ಆಗುವುದಿಲ್ಲ.

ಕನ್ನಡದಲ್ಲಿ ಬರೆಯುವವರಿಗೆ ಇದರ ಜೊತೆ ಒಂದು ದೊಡ್ಡ ಅನುಕೂಲ ಇದೆ, ನೀವು ಮತ್ತು ನೀನು. ಬಹುವಚನದಿಂದ ಏಕವಚನಕ್ಕೆ ಇಳಿಯುವ ಆ ಕ್ಷಣ ಮುತ್ತಿಗಿಂತ ಜೋರಾಗಿ ಕೆಲಸ ಮಾಡುತ್ತೆ. ಅದು ಯಾವ ಅಧ್ಯಾಯದಲ್ಲಿ ಆಗಬೇಕು, ಯಾರ ಬಾಯಿಂದ ಮೊದಲು ಬರಬೇಕು, ಬಾಯಿ ತಪ್ಪಿ ಬಂತೋ ಬೇಕೆಂದೇ ಅಂದದ್ದೋ, ಇನ್ನೊಬ್ಬರು ಅದನ್ನು ಗಮನಿಸಿದರೋ ಇಲ್ಲವೋ, ಇಷ್ಟನ್ನೂ ಮೊದಲೇ ನಿರ್ಧರಿಸಿ. ಬಹಳ ಕರಡುಗಳಲ್ಲಿ ಒಂದು ಪುಟದಲ್ಲಿ ನೀವು, ಮುಂದಿನ ಪುಟದಲ್ಲಿ ನೀನು, ಮತ್ತೆ ನೀವು ಅಂತ ಲಗಾಮಿಲ್ಲದೆ ಓಡುತ್ತಿರುತ್ತೆ. ಒಂದು ಒಳ್ಳೆಯ ಸನ್ನಿವೇಶ ಹಾಗೇ ಕೈತಪ್ಪಿ ಹೋಗುತ್ತೆ.

ಜಗಳದಲ್ಲೂ ಇದು ಬರುತ್ತೆ. ಮಾಧವ ಮತ್ತೆ ಒಂದು ಗಂಟೆ ತಡ ಮಾಡಿ ಬಂದಿದ್ದಾನೆ ಅಂದುಕೊಳ್ಳಿ. ವಾರಗಳಿಂದ ನೀನು ಅನ್ನುತ್ತಿದ್ದ ವಸುಧಾ ಕೆಲಸದಿಂದ ತಲೆ ಎತ್ತದೆ, 'ನಿಮಗೆ ತೊಂದರೆ ಆಯ್ತೇನೋ, ಬರದಿದ್ದರೂ ಆಗ್ತಿತ್ತು' ಅನ್ನುತ್ತಾಳೆ. ಅಷ್ಟೇ. ಕೂಗಾಟ ಬೇಡ, ಕಣ್ಣೀರು ಬೇಡ. ಆ 'ನಿಮಗೆ' ಅನ್ನುವುದೇ ಬಾಗಿಲು ಹಾಕಿದ ಸದ್ದು ಮಾಡುತ್ತೆ.

ಸಂಭಾಷಣೆಯನ್ನು ಬರೆದಮೇಲೆ ಗಟ್ಟಿಯಾಗಿ ಓದಿ. ಪುಸ್ತಕದ ಭಾಷೆಯಲ್ಲಿ ಯಾರೂ ಪ್ರೀತಿಸುವುದಿಲ್ಲ. 'ನಿನ್ನನ್ನು ಕಂಡಾಗಿನಿಂದ ನನ್ನ ಬದುಕು ಅರ್ಥಪೂರ್ಣವಾಗಿದೆ' ಅಂತ ಬಾಯಿಬಿಟ್ಟು ಓದಿ ನೋಡಿ, ನಾಲಿಗೆಯೇ ತಡೆಯುತ್ತೆ. ಮನಸ್ಸಿನಲ್ಲಿದ್ದದ್ದನ್ನು ಪೂರ್ತಿ ಹೇಳಿಬಿಡುವ ಪಾತ್ರಗಳಿಗಿಂತ, ಬೇರೇನನ್ನೋ ಮಾತಾಡುತ್ತಾ ಅದನ್ನೇ ಹೇಳುವ ಪಾತ್ರಗಳು ಹೆಚ್ಚು ನಿಜ ಅನ್ನಿಸುತ್ತವೆ.

ಸನ್ನಿವೇಶವನ್ನು ಯಾರ ಕಣ್ಣಿಂದ ಹೇಳಬೇಕು ಅಂತ ಗೊಂದಲ ಆದರೆ, ಆ ಹೊತ್ತಿನಲ್ಲಿ ಕಳೆದುಕೊಳ್ಳುವುದು ಯಾರಿಗೆ ಜಾಸ್ತಿ ಇದೆಯೋ ಅವರಿಗೆ ಕೊಡಿ. ಒಂದೇ ಸನ್ನಿವೇಶದಲ್ಲಿ ಇಬ್ಬರ ಮನಸ್ಸಿನೊಳಗೂ ಹೋಗಿಬರುವುದು ಬೇಡ. ಅವನ ಮನಸ್ಸಿನಲ್ಲಿ ಏನಿದೆ ಅಂತ ಗೊತ್ತಿಲ್ಲದೆ ಒದ್ದಾಡುವುದೇ ಪ್ರೇಮಕಥೆಯ ಸುಖ.

ಕೂರುವ ಹೊತ್ತು

ಈಗ ದಿನಚರಿಗೆ ಬರೋಣ. ಹತ್ತೊಂಬತ್ತನೇ ಶತಮಾನದ ಇಂಗ್ಲಿಷ್ ಕಾದಂಬರಿಕಾರ ಆಂಟನಿ ಟ್ರೊಲೋಪ್ ಅಂಚೆ ಇಲಾಖೆಯಲ್ಲಿ ನೌಕರಿ ಮಾಡುತ್ತಲೇ ಬರೆದವರು. ಬೆಳಿಗ್ಗೆ 5.30ಕ್ಕೆ ಮೇಜಿನ ಮುಂದೆ ಇರುತ್ತಿದ್ದರು. ಮೊದಲ ಅರ್ಧ ಗಂಟೆ ಹಿಂದಿನ ದಿನ ಬರೆದದ್ದನ್ನು ಓದುವುದು, ಆಮೇಲೆ ಗಡಿಯಾರವನ್ನು ಎದುರಿಗಿಟ್ಟುಕೊಂಡು ಪ್ರತಿ ಕಾಲು ಗಂಟೆಗೆ 250 ಪದ. ಹೀಗೆ 47 ಕಾದಂಬರಿ ಬರೆದರು. 1883ರಲ್ಲಿ ಬಂದ ಆತ್ಮಕಥೆಯಲ್ಲಿ ಇದನ್ನೆಲ್ಲ ಅವರೇ ಹೇಳಿಕೊಂಡಿದ್ದಾರೆ. ಪ್ರೇಮಕಾದಂಬರಿಗಳನ್ನೇ ಬರೆದ ಬಾರ್ಬರಾ ಕಾರ್ಟ್‌ಲ್ಯಾಂಡ್ ಸೋಫಾದ ಮೇಲೆ ಒರಗಿಕೊಂಡು ಕಾರ್ಯದರ್ಶಿಗೆ ಕಥೆ ಹೇಳಿ ಬರೆಸುತ್ತಿದ್ದರು, 700ಕ್ಕೂ ಹೆಚ್ಚು ಪುಸ್ತಕ ಹಾಗೆ ಬಂತು.

ಅವರ ವೇಗ ನಮಗೆ ಬೇಡ. ಆದರೆ ಇಬ್ಬರೂ ಒಂದು ಹೊತ್ತು, ಒಂದು ಜಾಗ, ಒಂದು ಕ್ರಮ ಇಟ್ಟುಕೊಂಡಿದ್ದರು. ಅದನ್ನು ನಾವೂ ಇಟ್ಟುಕೊಳ್ಳಬಹುದು. ನಿಮ್ಮ ದಿನದಲ್ಲಿ ಯಾರೂ ನಿಮ್ಮನ್ನು ಕೇಳದ ಮುಕ್ಕಾಲು ಗಂಟೆ ಎಲ್ಲಿದೆ ಅಂತ ಹುಡುಕಿ. ಬೆಳಿಗ್ಗೆ ಎಲ್ಲರೂ ಏಳುವ ಮೊದಲೋ, ರಾತ್ರಿ ಮಲಗಿದ ಮೇಲೋ, ಮಧ್ಯಾಹ್ನ ಆಫೀಸಿನ ಬಿಡುವಿನಲ್ಲೋ. ಫೋನನ್ನು ಬೇರೆ ಕೋಣೆಯಲ್ಲಿಡಿ. ಮನೆಯವರಿಗೆ ಮುಚ್ಚುಮರೆ ಇಲ್ಲದೆ ಹೇಳಿ, ಈ ಹೊತ್ತು ನನ್ನ ಬರವಣಿಗೆಗೆ, ದಯವಿಟ್ಟು ಕರೆಯಬೇಡಿ ಅಂತ. ಮೊದಮೊದಲು ಕರೆಯುತ್ತಾರೆ. ನೀವು ಗಟ್ಟಿಯಾಗಿ ಕೂತರೆ ನಿಧಾನಕ್ಕೆ ಅವರೇ ಬೇರೆಯವರಿಗೆ ಹೇಳಲು ಶುರು ಮಾಡುತ್ತಾರೆ, ಅವರು ಬರೀತಿದ್ದಾರೆ ಆಮೇಲೆ ಬನ್ನಿ ಅಂತ.

ಲೆಕ್ಕ ನೋಡಿ. ದಿನಕ್ಕೆ 500 ಪದ, ವಾರಕ್ಕೆ ಐದು ದಿನ. ವಾರಕ್ಕೆ 2,500 ಆಯಿತು. 16 ವಾರದಲ್ಲಿ 40,000 ಪದದ ಕರಡು ಕೈಯಲ್ಲಿರುತ್ತೆ. ಇಂಗ್ಲಿಷ್ ಬರವಣಿಗೆಯ ಸಲಹೆಗಳಲ್ಲಿ ಬರುವ ಪದಸಂಖ್ಯೆಯನ್ನು ನೋಡಿ ಗಾಬರಿ ಆಗಬೇಡಿ. ಅಲ್ಲಿ ಬಿಡಿ ಬಿಡಿಯಾಗಿ ನಿಲ್ಲುವ ಚಿಕ್ಕ ಪದಗಳೆಲ್ಲ ಕನ್ನಡದಲ್ಲಿ ಹಿಂದಿನ ಪದಕ್ಕೇ ಅಂಟಿಕೊಳ್ಳುತ್ತವೆ, ಹಾಗಾಗಿ ಅಷ್ಟೇ ಕಥೆಗೆ ನಮ್ಮಲ್ಲಿ ಕಡಿಮೆ ಪದ ಸಾಕು.

ದಿನದ ಕೆಲಸ ನಿಲ್ಲಿಸುವಾಗ ಒಂದು ಸಣ್ಣ ಉಪಾಯ ಮಾಡಿ. ಅಧ್ಯಾಯ ಮುಗಿಸಿ ಏಳಬೇಡಿ. ಮುಂದಿನ ಸಾಲು ಏನು ಅಂತ ಗೊತ್ತಿರುವಾಗಲೇ ನಿಲ್ಲಿಸಿ, ಅದನ್ನು ನಾಲ್ಕು ಪದಗಳಲ್ಲಿ ಕೆಳಗೆ ಗುರುತು ಹಾಕಿಡಿ. ನಾಳೆ ಖಾಲಿ ಪುಟದ ಮುಂದೆ ಕೂರುವುದು ತಪ್ಪುತ್ತೆ. ಟೈಪ್ ಮಾಡಲು ಬೇಸರವಾದ ದಿನ ಫೋನಿಗೆ ಹೇಳಿ ಬರೆಸಿ, ಈಗ ಕನ್ನಡದಲ್ಲಿ ಮಾತು ಅಕ್ಷರವಾಗುವ ಸೌಲಭ್ಯ ಇದೆ. ತಪ್ಪುಗಳು ಇರುತ್ತವೆ, ಆದರೆ ಸಂಭಾಷಣೆ ಮಾತ್ರ ಬಾಯಿಮಾತಿನ ಲಯದಲ್ಲೇ ಬರುತ್ತೆ. ಬರೆದದ್ದನ್ನು ಎರಡು ಕಡೆ ಉಳಿಸಿಡಿ. ಕುತ್ತಿಗೆ, ಬೆನ್ನು, ಕಣ್ಣಿನ ಕಡೆ ಗಮನ ಇರಲಿ, ಪ್ರತಿ 20 ನಿಮಿಷಕ್ಕೆ 20 ಸೆಕೆಂಡ್ ದೂರದ ವಸ್ತುವನ್ನು ನೋಡಿ ಅಂತ ಕಣ್ಣಿನ ಡಾಕ್ಟರುಗಳು ಹೇಳುವುದು ಬರೆಯುವವರಿಗೂ ಅನ್ವಯಿಸುತ್ತೆ.

ಮನಸ್ಸು ಸರಿ ಇಲ್ಲದ ದಿನ ಸಿಹಿ ಕಥೆ ಬರೆಯುವುದು ಹೇಗೆ ಅಂತ ಕೇಳುತ್ತಾರೆ. ಅಂಥ ದಿನ ಪ್ರೀತಿಯ ಸನ್ನಿವೇಶಕ್ಕೆ ಕೈ ಹಾಕಬೇಡಿ, ಜಗಳ, ವಿರಹ, ಒಂಟಿತನ ಬರೆಯಿರಿ. ಕಥೆಗೆ ಅವೂ ಬೇಕಲ್ಲ. ಅದೂ ಆಗದಿದ್ದರೆ ಪಾತ್ರಗಳ ಪಟ್ಟಿ ಸರಿಮಾಡಿ. ಪ್ರತಿಯೊಬ್ಬರ ವಯಸ್ಸು, ಕಣ್ಣಿನ ಬಣ್ಣ, ಯಾರನ್ನು ಏನಂತ ಕರೆಯುತ್ತಾರೆ, ಯಾವ ಗಾಯದ ಗುರುತು ಎಲ್ಲಿದೆ, ಎಲ್ಲ ಒಂದು ಕಡೆ ಬರೆದಿಡಿ. ಕಂತು ಕಂತಾಗಿ ಪ್ರಕಟಿಸುವವರಿಗಂತೂ ಇದು ಬೇಕೇ ಬೇಕು, ಯಾಕಂದರೆ ಮೂರನೇ ಕಂತಿನಲ್ಲಿ ಅಕ್ಕ ಆಗಿದ್ದವಳು ಮೂವತ್ತನೇ ಕಂತಿನಲ್ಲಿ ತಂಗಿ ಆದರೆ ಓದುಗರು ಕ್ಷಮಿಸುವುದಿಲ್ಲ.

ನಡುವೆ ಕಥೆ ನಿಂತಾಗ

ಅರ್ಧ ದಾರಿಯಲ್ಲಿ ಎಲ್ಲರ ಕಥೆಯೂ ಸಪ್ಪೆಯಾಗುತ್ತೆ. ಮೊದಲ ಭೇಟಿಯ ಉತ್ಸಾಹ ಮುಗಿದಿರುತ್ತೆ, ಕೊನೆ ಇನ್ನೂ ದೂರ ಇರುತ್ತೆ. ಆಗ ಅಪಘಾತ ತರಬೇಡಿ, ಹಳೇ ಪ್ರೇಯಸಿಯನ್ನೂ ಕರೆತರಬೇಡಿ. ಬರೆದ ಪ್ರತಿ ಅಧ್ಯಾಯಕ್ಕೂ ಒಂದು ಪ್ರಶ್ನೆ ಕೇಳಿ. ಈ ಅಧ್ಯಾಯದಲ್ಲಿ ಇವರಿಬ್ಬರೂ ಒಬ್ಬರ ಬಗ್ಗೆ ಒಬ್ಬರು ಹೊಸದಾಗಿ ಏನು ತಿಳಿದುಕೊಂಡರು? ಉತ್ತರ ಸಿಗದ ಅಧ್ಯಾಯವನ್ನು ತೆಗೆಯಿರಿ, ಇಲ್ಲವೇ ಅದಕ್ಕೊಂದು ಉತ್ತರ ಕೊಡಿ. ಕಥೆ ನಿಂತದ್ದಕ್ಕೆ ಕಾರಣ ಬಹುಪಾಲು ಅಲ್ಲೇ ಇರುತ್ತೆ.

ಇಬ್ಬರೂ ದೂರವಾಗುವ ಘಟ್ಟ ಸುಮಾರು ಮುಕ್ಕಾಲು ಭಾಗ ಮುಗಿದ ಮೇಲೆ ಬರುತ್ತೆ. ಅದು ಮೊದಲು ಬರೆದುಕೊಂಡ ಆ ಎರಡು ನಂಬಿಕೆಗಳಿಂದಲೇ ಹುಟ್ಟಬೇಕು. ವಸುಧಾಳ ಜೀವನದ ಅತಿ ಮುಖ್ಯವಾದ ದಿನ ಮಾಧವ ಬರುವುದಿಲ್ಲ, ಯಾರದೋ ಕೆಲಸಕ್ಕೆ ಹೂಂ ಅಂದು ಸಿಕ್ಕಿಹಾಕಿಕೊಂಡಿರುತ್ತಾನೆ. ಇದು ಆಕಸ್ಮಿಕ ಅಲ್ಲ, ಅವನು ಇರುವುದೇ ಹಾಗೆ. ಹಾಗಾಗಿಯೇ ನೋವು ಜಾಸ್ತಿ. ಇದನ್ನು ಸರಿಮಾಡಲು ಹೂಗುಚ್ಛ ಸಾಲದು, ಜನರ ಮುಂದೆ ಮಂಡಿಯೂರಿದರೂ ಸಾಲದು. ಅವನು ಬದಲಾಗಬೇಕು. ಅವಳೂ ಬದಲಾಗಬೇಕು, ಇದನ್ನು ಬಹಳ ಜನ ಮರೆಯುತ್ತಾರೆ. ಒಬ್ಬರೇ ಬದಲಾಗುವ ಕಥೆ ಕ್ಷಮೆಯ ಕಥೆ ಆಗಬಹುದು, ಪ್ರೇಮಕಥೆ ಆಗುವುದು ಕಷ್ಟ.

ಹೀಗಾಗಬಹುದು. ಅವನು ಇಷ್ಟು ದಿನ ಇಲ್ಲ ಅನ್ನಲಾಗದ ಒಬ್ಬರಿಗೆ, ಬೇಕಾದರೆ ಸ್ವಂತ ಅಣ್ಣನಿಗೇ, ಇವತ್ತು ಆಗಲ್ಲ ಅನ್ನುತ್ತಾನೆ. ಅಣ್ಣ ಸಿಟ್ಟಾಗುತ್ತಾನೆ, ಪ್ರಪಂಚ ಮುಳುಗುವುದಿಲ್ಲ. ಅವಳು ಅವನು ಹೇಳಿದ ಹೊತ್ತಿಗೆ ಬಂದು ನಿಂತಿದ್ದಾಳೆ. ಯಾವಾಗಲೂ ಹೊತ್ತು ಮೀರುವ ಮೊದಲೇ ಎದ್ದು ಹೋಗುವವಳು ಇವತ್ತು ಇನ್ನೂ ಸ್ವಲ್ಪ ಕಾಯೋಣ ಅಂದುಕೊಳ್ಳುತ್ತಾಳೆ. ಇಬ್ಬರೂ ಒಂದೊಂದು ಹೆಜ್ಜೆ ಇಟ್ಟರು. ಆಮೇಲೆ ಬರುವ ಮುತ್ತಿಗೆ ತೂಕ ಇರುತ್ತೆ.

ತಿದ್ದುವುದು

ಕರಡು ಮುಗಿದ ಮೇಲೆ ಕನಿಷ್ಠ ಎರಡು ವಾರ ಅದನ್ನು ಮುಟ್ಟಬೇಡಿ. ಇಂಗ್ಲಿಷ್ ಲೇಖಕಿ ಜೇನ್ ಆಸ್ಟೆನ್ ಅವರ ಹೆಸರಾಂತ ಪ್ರೇಮಕಾದಂಬರಿ ಪ್ರೈಡ್ ಅಂಡ್ ಪ್ರೆಜುಡೀಸ್‌ನ ಮೊದಲ ರೂಪ 1797ರಲ್ಲೇ ಸಿದ್ಧವಾಗಿತ್ತು, ಅಚ್ಚಾದದ್ದು 1813ರಲ್ಲಿ. ನಡುವೆ ಒಬ್ಬ ಪ್ರಕಾಶಕರು ಓದದೆಯೇ ಬೇಡ ಅಂದಿದ್ದರು. ಆಸ್ಟೆನ್ ಅದನ್ನು ಚೆನ್ನಾಗಿ ತಿದ್ದಿ, ಕತ್ತರಿಸಿ ಬೇರೆ ಪ್ರಕಾಶಕರಿಗೆ ಕೊಟ್ಟರು. ಅಷ್ಟು ವರ್ಷ ನಾವು ಕಾಯಬೇಕಿಲ್ಲ, ಆದರೆ ಮೊದಲ ಕರಡನ್ನೇ ಪುಸ್ತಕ ಅಂದುಕೊಳ್ಳಲೂಬಾರದು.

ತಿದ್ದುವಾಗ ಮೊದಲು ದೊಡ್ಡದನ್ನು ನೋಡಿ. ಯಾವ ಸನ್ನಿವೇಶ ಇರಬೇಕು, ಯಾವುದು ಹೋಗಬೇಕು ಅಂತ ತೀರ್ಮಾನಿಸಿ. ಕಾಗುಣಿತ ಕೊನೆಗೆ. ಆಮೇಲೆ ಕಂಪ್ಯೂಟರಿನಲ್ಲಿ ಕೆಲವು ಪದ ಹುಡುಕಿಸಿ. ಹೃದಯ, ಮುಗುಳ್ನಗು, ಕಣ್ಣಂಚು, ನಾಚಿ, ನಿಟ್ಟುಸಿರು, ಒಂದು ಕ್ಷಣ. ಯಾವುದು ಎಷ್ಟು ಸಲ ಬಂದಿದೆ ಅಂತ ನೋಡಿದರೆ ನಿಮಗೇ ಆಶ್ಚರ್ಯ ಆಗುತ್ತೆ. ಅರ್ಧದಷ್ಟು ತೆಗೆದುಹಾಕಿ. ಆ ಜಾಗದಲ್ಲಿ ನೋಟ್‌ಬುಕ್ಕಿನಿಂದ ಒಂದು ಕೆಲಸ, ಒಂದು ಚಲನೆ ತಂದು ಹಾಕಿ. ಪ್ರತಿ ಸಲ ಹಾಕಬೇಕಿಲ್ಲ. ಕೆಲವು ಕಡೆ ಸುಮ್ನೆ ತೆಗೆದರೇ ಸಾಲು ಚೆನ್ನಾಗುತ್ತೆ.

ಓದಲು ಕೊಡುವುದಾದರೆ ಪ್ರೇಮಕಥೆ ಇಷ್ಟಪಡುವ ಇಬ್ಬರು ಮೂವರಿಗೆ ಕೊಡಿ. ಹೇಗಿದೆ ಅಂತ ಕೇಳಿದರೆ ಚೆನ್ನಾಗಿದೆ ಅಂತಾರೆ, ಅದರಿಂದ ಪ್ರಯೋಜನ ಇಲ್ಲ. ಎಲ್ಲಿ ಪುಟ ಹಾರಿಸಿದಿರಿ? ಎಲ್ಲಿ ಅವನ ಮೇಲೆ ನಿಮಗೇ ಪ್ರೀತಿ ಆಯಿತು? ಎಲ್ಲಿ ನಂಬಿಕೆ ಬರಲಿಲ್ಲ? ಈ ಮೂರು ಕೇಳಿ. ಇಬ್ಬರು ಒಂದೇ ಜಾಗ ತೋರಿಸಿದರೆ ಅಲ್ಲಿ ಕೆಲಸ ಇದೆ. ಅವರು ಸೂಚಿಸುವ ಪರಿಹಾರವನ್ನೇ ಹಾಕಬೇಕಿಲ್ಲ, ಕಥೆ ನಿಮ್ಮದು.

ಪ್ರಕಾಶಕರಿಗೆ ಕೊಡುವಾಗ ಒಪ್ಪಂದವನ್ನು ಪೂರ್ತಿ ಓದಿ. ಮುದ್ರಣ, ಇ-ಪುಸ್ತಕ, ಆಡಿಯೋ, ಅನುವಾದ, ಸಿನಿಮಾ ಇವೆಲ್ಲ ಬೇರೆ ಬೇರೆ ಹಕ್ಕುಗಳು. ಒಂದೇ ಸಾಲಿನಲ್ಲಿ ಎಲ್ಲವನ್ನೂ ಶಾಶ್ವತವಾಗಿ ಬರೆದುಕೊಡಬೇಡಿ.

ಇವೆಲ್ಲದರ ಜೊತೆ, ಓದುತ್ತಲೇ ಇರಿ. ಪ್ರೇಮಕಾದಂಬರಿಯನ್ನು ಕೀಳಾಗಿ ನೋಡುವವರು ಇದ್ದಾರೆ, ಇದೂ ಒಂದು ಬರವಣಿಗೆಯಾ ಅಂತ ಎದುರಿಗೇ ಕೇಳುವವರೂ ಸಿಗುತ್ತಾರೆ. ನಿಮ್ಮ ಬಗೆಯ ಒಳ್ಳೆಯ ಪುಸ್ತಕಗಳನ್ನು ಓದಿದ್ದರೆ ಆ ಮಾತು ನಿಮ್ಮನ್ನು ಅಲ್ಲಾಡಿಸುವುದಿಲ್ಲ. ಇಬ್ಬರು ಒಳ್ಳೆಯ ಮನುಷ್ಯರು ಒಬ್ಬರನ್ನೊಬ್ಬರು ನಂಬಲು ಕಲಿಯುವುದನ್ನು ನಂಬುವ ಹಾಗೆ ಬರೆಯುವುದು ಎಷ್ಟು ಕಷ್ಟದ ಕೆಲಸ ಅಂತ ನಿಮಗೆ ಗೊತ್ತಿರುತ್ತೆ. ನಾನು ಇಷ್ಟವಾದ ಪುಸ್ತಕವನ್ನು ಎರಡು ಸಲ ಓದುತ್ತೇನೆ. ಮೊದಲ ಸಲ ಸುಖಕ್ಕೆ. ಎರಡನೇ ಸಲ ಪೆನ್ಸಿಲ್ ಹಿಡಿದು, ಮೊದಲ ಸ್ಪರ್ಶ ಎಷ್ಟನೇ ಪುಟದಲ್ಲಿ ಬಂತು, ಜಗಳಕ್ಕೆ ಬೀಜ ಎಲ್ಲಿ ಬಿತ್ತು, ಬರಹಗಾರರು ಏನನ್ನು ಹೇಳದೆ ಬಿಟ್ಟರು ಅಂತ ಅಂಚಿನಲ್ಲಿ ಗುರುತು ಹಾಕುತ್ತಾ.

ಕರಡು ಮೂಲೆಯಲ್ಲಿ ವಿಶ್ರಾಂತಿ ತೆಗೆದುಕೊಳ್ಳುವ ಆ ಎರಡು ವಾರ ಇಂಥ ಓದಿಗೆ ಒಳ್ಳೆಯ ಸಮಯ. ಬರೆಯುವ ಮುಕ್ಕಾಲು ಗಂಟೆಯನ್ನು ಮಾತ್ರ ಬೇರೆ ಕೆಲಸಕ್ಕೆ ಬಿಟ್ಟುಕೊಡಬೇಡಿ. ಅದೇ ಹೊತ್ತಿಗೆ ಅದೇ ಜಾಗದಲ್ಲಿ ಕೂತು ಮುಂದಿನ ಜೋಡಿಯ ಎರಡು ವಾಕ್ಯಗಳನ್ನು ಹುಡುಕಲು ಶುರು ಮಾಡಿ. ಅವಳು ನಂಬಿರುವುದು ಏನು, ಅವನು ನಂಬಿರುವುದು ಏನು.